ಜಾಲಹಳ್ಳಿಯಿಂದ ಖಿದಿರ್‌ಪುರಕ್ಕೆ

ಕೋಲ್ಕತ್ತದ ಖಿದಿರ್‌ಪುರದ ಬಾಡಿಗೆ ಮನೆಯಲ್ಲಿ ಕೂತು ಕಾಲಯಾನದ ಕಾದಂಬರಿ ಶುರುಮಾಡಿದೆ. ನಾಯಕ ಜಾಲಹಳ್ಳಿ ಶಿಬಿರದ ಇಟಲಿ ಯುದ್ಧಕೈದಿ. ಜಪಾನಿ ವಿಮಾನಗಳು ಇಲ್ಲಿನ ಹಡಗುಕಟ್ಟೆಗೆ ಹಾಡಹಗಲೇ ಬಾಂಬು ಸುರಿದ 1943ರ ಡಿಸೆಂಬರ್ 5ಕ್ಕೆ ಅವನು ಬಂದಿಳಿಯಬೇಕು.

"ಬೆಂಗಳೂರಿಂದ ಹೇಗ್ರೀ ಬಂದ?" ಅಂದಳು ಹೆಂಡತಿ.

"ಕಾಲಯಂತ್ರದಲ್ಲಿ ಕಣೇ."

"ಅದು ಕಾಲ ದಾಟಿಸುತ್ತೆ. ಹೂಗ್ಲಿ ಯಾರು ದಾಟಿಸ್ತಾರೆ?"

ಪುಣ್ಯಕ್ಕೆ ಹೌರಾ ಸೇತುವೆ ಅದೇ ವರ್ಷದ ಫೆಬ್ರವರಿಯಲ್ಲಿ ತೆರೆದಿತ್ತು, ಅಧ್ಯಾಯ ಬಚಾವಾಯಿತು.

ಇಟಲಿ ನಾನು ಕಂಡಿಲ್ಲ, ಬಿಡಿ. ಹುಡುಗನಾಗಿ ಇದೇ ಖಿದಿರ್‌ಪುರದಲ್ಲಿದ್ದ ಬಂಗಾಳಿ ಕವಿ ಮೈಕೆಲ್ ಮಧುಸೂದನ ದತ್ತ 1865ರಲ್ಲಿ ದಾಂತೆಯ ಮೇಲೆ ಸುನೀತ ಬರೆದು ಇಟಲಿಯ ದೊರೆಗೇ ಕಳಿಸಿದ್ದ. ನನ್ನ ಹಸ್ತಪ್ರತಿ ಮೂಲೆಯ ಜೆರಾಕ್ಸ್ ಅಂಗಡಿಯನ್ನೂ ಮುಟ್ಟಿಲ್ಲ. ಕೈದಿಯೋ, ಆಲೂಗಡ್ಡೆ ಹಾಕಿದ ಬಿರಿಯಾನಿಯ ರುಚಿ ಹತ್ತಿ, ವಾಪಸ್ ಹೋಗಲು ಒಪ್ಪುತ್ತಲೇ ಇಲ್ಲ.