ಬಾಕಿ ಮೀಮಾಂಸೆ

ಸ್ವತಂತ್ರ ಕಸುಬಿನವನು ಗಿರಾಕಿಯನ್ನು ಗಳಿಸಿ ಉಳಿಸಿಕೊಳ್ಳುವ ಬಗೆ ಯಾವುದು? ಬೆಂಗಳೂರಿನ ಆಚಾರ್ಯರು ವಿಸಿಟಿಂಗ್ ಕಾರ್ಡು, ಕಾಫಿ, ಲಿಂಕ್ಡ್‌ಇನ್ ಎಂಬ ಪ್ರಮಾಣಗಳನ್ನು ಒಪ್ಪುತ್ತಾರೆ. ಇದು ಪೂರ್ವಪಕ್ಷ. ಚಡಚಣ ಪಂಥದವರಾದ ನಾವು ಇವನ್ನೆಲ್ಲ ಖಂಡಿಸಿ ‘ಬಾಕೀ ಏವ ಬಾಂಧವ್ಯಮ್’ ಎಂಬ ಒಂದೇ ಸೂತ್ರವನ್ನು ಸ್ಥಾಪಿಸುತ್ತೇವೆ. ಸೂತ್ರದ ಸಂಸ್ಕೃತ ಶುದ್ಧವಿಲ್ಲವೆಂದು ಪಂಡಿತರೂ ಲೆಕ್ಕ ಶುದ್ಧವಿಲ್ಲವೆಂದು ಗಿರಾಕಿಗಳೂ ತಕರಾರು ತೆಗೆದಿದ್ದಾರೆ. ಎರಡನ್ನೂ ಕಡತದಲ್ಲಿಟ್ಟಿದ್ದೇವೆ.

ಅಧ್ಯಯನದ ಕ್ಷೇತ್ರ, ಇಂಡಿಯಿಂದ ಬೇರೆಯಾಗಿ ತಾಲ್ಲೂಕಾದ ಚಡಚಣ. ಅಧ್ಯಯನದ ಜೀವಿ, ಮದುವೆಯ ಫೋಟೋದವ. ಗಡಿಯ ಆಚೆ ಈಚೆಯ ಜನ ಮದುವೆಯ ಬಸ್ತಾ ಕಟ್ಟಿಸಲು ಈ ಊರಿನ ಬಟ್ಟೆ ಅಂಗಡಿಗಳಿಗೆ ಬರುತ್ತಾರೆ. ಫೋಟೋದವ ಎದುರಿನ ಚಾದಂಗಡಿಯಲ್ಲಿ ಕೂತು ಗಂಟಿನ ಗಾತ್ರ ನೋಡುತ್ತಾನೆ. ಗಂಟು ಇಬ್ಬರು ಹೊರುವಷ್ಟಿದ್ದರೆ ಡ್ರೋನ್ ಉಂಟು, ಒಬ್ಬ ಬಗಲಲ್ಲಿಟ್ಟುಕೊಂಡು ನಡೆದರೆ ಆಲ್ಬಮ್ ಮಾತ್ರ. ಆಮೇಲೆ ಹತ್ತಿರ ಹೋಗುತ್ತಾನೆ. ಕಾರ್ಡು ಕೊಡುವುದಿಲ್ಲ. “ಯಾವೂರ್ರಿ ಕಾಕಾ? ಹೌದಾ! ನಿಮ್ಮೂರಿಗೇ ನಮ್ಮ ಸೋದರತ್ತಿನ ಕೊಟ್ಟೀವಲ್ರಿ!” ಎನ್ನುತ್ತಾನೆ. ಈ ಸೀಮೆಯಲ್ಲಿ ಒಬ್ಬ ಅತ್ತೆಯಾದರೂ ಇಲ್ಲದ ಊರು ನಮ್ಮ ಸಂಶೋಧನೆಗೆ ಸಿಕ್ಕಿಲ್ಲ.

ಇಲ್ಲಿಂದಲೇ ಶಾಸ್ತ್ರದ ತೊಡಕು ಶುರು. ಕಾಕಾ ಆದವನ ಹತ್ತಿರ ರೊಕ್ಕ ಕೇಳುವುದು ಹೇಗೆ?

ಸಣ್ಣ ಉದ್ದಿಮೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಕೇಂದ್ರ ಕಾಯ್ದೆ ಹೇಳುತ್ತದೆ. ಕಾಕಾ ಹೇಳುವುದೇ ಬೇರೆ: “ಕಬ್ಬಿನ ಬಿಲ್ ಬರ್ಲಿ ತಮ್ಮಾ, ನಿನ್ನ ರೊಕ್ಕ ಎಲ್ಲಿ ಹೋಗ್ತಾವ?” ಕಬ್ಬಿನ ಬಿಲ್ಲಾದರೋ, 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳಲ್ಲಿ ಬರಬೇಕು. ಕಾರ್ಖಾನೆಗೆ ಕಬ್ಬು ಕಳಿಸಿದ ಯಾರನ್ನಾದರೂ ಈ ಬಗ್ಗೆ ಕೇಳಿರಿ, ಸ್ವಲ್ಪ ದೂರ ನಿಂತು ಕೇಳಿರಿ. ಹೀಗೆ ಒಂದು ಬಾಕಿ ಇನ್ನೊಂದರ ಹೆಗಲೇರಿ, ಮಗಳ ಮದುವೆಯ ಫೋಟೋದ ರೊಕ್ಕ ಮೊಮ್ಮಗನ ಜವಳದ ಹೊತ್ತಿಗೆ ಅರ್ಧ ಬರುತ್ತದೆ. ಜವಳದ ಫೋಟೋ ತೆಗೆಯುವವನು ಯಾರು? ಅವನೇ. ಬಿಟ್ಟುಹೋದರೆ ಉಳಿದರ್ಧ ಮುಳುಗೀತಲ್ಲ! ಇದಕ್ಕಿಂತ ಗಟ್ಟಿಯಾದ ಗಿರಾಕಿ ಸಂಬಂಧವನ್ನು ಯಾವ ಮ್ಯಾನೇಜ್‌ಮೆಂಟ್ ಶಾಲೆ ಕಲಿಸೀತು? ಇಂಡಿಯ ನಿಂಬೆಗೆ ಜಿಐ ಮಾನ್ಯತೆ ಕೊಟ್ಟ ಸರ್ಕಾರ ಚಡಚಣದ ಉದ್ರಿಯನ್ನು ಮರೆತದ್ದು ಅನ್ಯಾಯ.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಬಡಿಗ, ಕಂಬಾರ, ಕುಂಬಾರ, ಅಗಸ ಮೊದಲಾದ ಆಯಗಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ಪಡೆಯುತ್ತಿದ್ದರು. ಕೂರಿಗೆ ಮುರಿದ ದಿನ ಬಿಲ್ ಇಲ್ಲ, ರಾಶಿ ಆದ ದಿನ ಕಾಳು. ಮಳೆ ಹೋದರೆ ರೈತನೊಂದಿಗೆ ಬಡಿಗನೂ ಉಪವಾಸ. ಫ್ರೀಲಾನ್ಸರ್ ಎಂಬವನನ್ನು ಈಚಿನ ಆವಿಷ್ಕಾರವೆಂದು ಬಣ್ಣಿಸುವವರು ಒಮ್ಮೆ ಕಣಕ್ಕೆ ಬಂದು ಹೋಗಬೇಕು. ಅಂದಹಾಗೆ, ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಆದಕಾರಣ ಇಲ್ಲಿನ ಗಿರಾಕಿ ಕಾಯಕದ ಮಹತ್ವವನ್ನು ಚೆನ್ನಾಗಿ ಬಲ್ಲ. ದಾಸೋಹವನ್ನೂ ಕಾಯಕದವನೇ ಮಾಡಲಿ ಎಂಬುದಷ್ಟೇ ಅವನ ವ್ಯಾಖ್ಯಾನ.

ಪಕ್ಕದ ಹಲಸಂಗಿಯ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಹಾಕಿದ್ದರ ಫಲವಾಗಿ 1931ರಲ್ಲಿ ‘ಗರತಿಯ ಹಾಡು’ ಬಂತು. ಇಂಥ ನೆಟ್‌ವರ್ಕಿಂಗ್ ಇಲ್ಲಿ ಮತ್ತೆ ನಡೆದಿಲ್ಲ. ಆದರೆ ಅದರಲ್ಲಿ ಯಾರೂ ಯಾರಿಗೂ ಬಿಲ್ ಕೊಡಲಿಲ್ಲವಾಗಿ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಸಿದ್ಧಾಂತಕ್ಕೆ ಅಪವಾದ ಒಂದೇ. ಒಬ್ಬ ಗೌಡರು ಒಂದು ಸಂಜೆ ಸ್ಟುಡಿಯೋಕ್ಕೆ ಬಂದು, ಹಿರಿಮಗಳ ಮದುವೆಯಿಂದ ಮೊದಲುಗೊಂಡು ಎಲ್ಲ ಬಾಕಿಯನ್ನೂ ಎಣಿಸಿ ಮೇಜಿನ ಮೇಲಿಟ್ಟರು. ಫೋಟೋದವ ನೋಟು ಮುಟ್ಟಲಿಲ್ಲ. ಮುಖ ಬಿಳಿಚಿಕೊಂಡಿತು.

“ಯಾಕ್ರಿ ಗೌಡ್ರ, ನಮ್ಮಿಂದ ಏನರ ತಪ್ಪಾತೇನ್ರಿ?”

“ತಪ್ಪೇನಿಲ್ಲೋ. ಸಣ್ಣಾಕಿ ಲಗ್ನಕ್ಕ ಸೊಲ್ಲಾಪುರದವ್ರಿಗೆ ಹೇಳೀವಿ.”