ಉತ್ತರಮೀಮಾಂಸೆ: ಐಟಿ ಕಾಂಡ

ಬೆಂಗಳೂರಿನ ಐಟಿ ಕಂಪನಿಗೆ ಹಾಕಿದ ಅರ್ಜಿಗೆ ಉತ್ತರ ಬರಲು ಎಷ್ಟು ಕಾಲ ಬೇಕು ಎಂಬುದು ಈ ಗ್ರಂಥದ ವಿಷಯ. ಅರ್ಜಿ ಹಾಕಿ ಕೂತವರೇ ಇದರ ಅಧಿಕಾರಿಗಳು. ಕ್ಯಾಂಪಸ್ಸಿನಲ್ಲೇ ಆಯ್ಕೆಯಾದವರೂ ಸೋದರಮಾವನ ರೆಫರಲ್ ಉಳ್ಳವರೂ ಇಲ್ಲಿಂದಲೇ ಎದ್ದುಹೋಗಬಹುದು. ಪ್ರಯೋಜನ: ಹೇಗೂ ಕಾಯುವವರಿಗೆ ಒಂದು ಶಾಸ್ತ್ರಾಧಾರ.

ಮೊದಲು ಕರ್ಮಕಾಂಡ. ರೆಸ್ಯೂಮ್ ಅಪ್‌ಲೋಡ್ ಮಾಡಿ, ಅದರಲ್ಲಿ ಇರುವುದನ್ನೇ ಕೆಳಗಿನ ಖಾನೆಗಳಲ್ಲಿ ಮತ್ತೆ ಟೈಪ್ ಮಾಡಬೇಕು. ಹತ್ತಾರು ವರ್ಷ ಕೋಡ್ ಬರೆದು ತಲೆ ನರೆತವನೂ ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ನಮೂದಿಸತಕ್ಕದ್ದು. ಕೊನೆಯ ಪುಟದಲ್ಲಿ ಸೆಷನ್ ಮುಗಿದುಹೋದರೆ ಪುನಃ ಸಂಕಲ್ಪದಿಂದ ಆರಂಭ. ಅರ್ಜಿ ಹೋದ ಅರೆಗಳಿಗೆಯಲ್ಲೇ, ರಾತ್ರಿ ಎರಡು ಗಂಟೆಯಾಗಿದ್ದರೂ ಸರಿ, 'ನಿಮ್ಮ ಆಸಕ್ತಿಗೆ ಧನ್ಯವಾದ' ಎಂಬ ಮೇಲ್ ಬರುತ್ತದೆ. ಎಳಸು ಅಭ್ಯರ್ಥಿಗಳು ಇದನ್ನೇ ಉತ್ತರವೆಂದು ನಂಬಿ ಮನೆಗೆ ಫೋನ್ ಮಾಡುವುದುಂಟು. ಶಾಸ್ತ್ರದಲ್ಲಿ ಇದಕ್ಕೆ ಉತ್ತರಾಭಾಸವೆಂದು ಹೆಸರು. ಕಳಿಸಿದವರ ಜಾಗದಲ್ಲಿ 'ನೋ ರಿಪ್ಲೈ' ಎಂದಿರುತ್ತದೆ. ಅದು ವಿಳಾಸವೋ ಭವಿಷ್ಯವಾಣಿಯೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆಮೇಲೆ ಅರ್ಜಿಗೆ 'ಅಂಡರ್ ರಿವ್ಯೂ' ಎಂಬ ಸ್ಥಿತಿ ಪ್ರಾಪ್ತವಾಗುತ್ತದೆ. ಅದಕ್ಕೆ ಆದಿಯುಂಟು, ಅಂತ್ಯ ಕಂಡವರಿಲ್ಲ.

ಪೂರ್ವಪಕ್ಷದವರು ಹೇಳುತ್ತಾರೆ: ಎರಡು ವಾರ ಕಾದು ಒಂದು ಮೇಲ್ ಹಾಕಿ ನೆನಪಿಸಿದರೆ ಉತ್ತರ ಬಂದೀತು. ಇದು ಸಲ್ಲದು. ಕಾಲ ಎಲ್ಲರಿಗೂ ಒಂದೇ ಎಂಬ ಭ್ರಮೆ ಈ ವಾದದ ಬುಡದಲ್ಲಿದೆ. ದೃಷ್ಟಾಂತ: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಬಸ್ಸಿನ ಕಂಬ ಹಿಡಿದು ನಿಂತವನಿಗೆ ಕನ್ಸಲ್ಟೆನ್ಸಿಯ ಫೋನ್.

"ಸರ್, ಜಾಬ್ ಚೇಂಜ್‌ಗೆ ನೋಡ್ತಿದ್ದೀರಾ? ಕರೆಂಟ್ ಸಿಟಿಸಿ? ಎಕ್ಸ್‌ಪೆಕ್ಟೆಡ್? ನೋಟಿಸ್ ಪೀರಿಯಡ್?"

"ತೊಂಬತ್ತು ದಿನ ಮೇಡಂ."

"ಅಯ್ಯೋ, ಕ್ಲೈಂಟ್‌ಗೆ ಇಮ್ಮಿಡಿಯೆಟ್ ಜಾಯ್ನರ್ ಬೇಕು ಸರ್. ಇರ್ಲಿ, ಅಪ್‌ಡೇಟೆಡ್ ರೆಸ್ಯೂಮ್ ಹತ್ತು ನಿಮಿಷದಲ್ಲಿ ಕಳಿಸ್ಬಿಡಿ, ಮಾತಾಡ್ತೀನಿ."

ನಿಂತಲ್ಲೇ ಒಂದು ಕೈಯಲ್ಲಿ ಕಳಿಸಿದ ಆ ರೆಸ್ಯೂಮ್ ಏನಾಯಿತೆಂದು ಕೇಳಲು ಅದೇ ನಂಬರಿಗೆ ಮಾಡಿದರೆ ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ. ಇದರಿಂದ ಸಿದ್ಧವಾದದ್ದೇನೆಂದರೆ, ಬೇಡುವವನ ಹತ್ತು ನಿಮಿಷ ಹತ್ತೇ ನಿಮಿಷ. ಕೊಡುವವರ 'ಶೀಘ್ರದಲ್ಲೇ' ಯಾವ ಪಂಚಾಂಗದ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಪರರ ಆಳು ನಾಳೆಯೇ ಬಂದು ಸೇರಬೇಕು, ತಮ್ಮ ಆಳನ್ನು ಮಾತ್ರ ತೊಂಬತ್ತು ದಿನ ಬಿಡಲಾಗದು. ಎರಡೂ ನಿಯಮ ಮಾಡಿದ್ದು ಒಂದೇ ಎಚ್‌ಆರ್ ವಿಭಾಗ.

ಇಂಟರ್ವ್ಯೂವರೆಗೂ ಹೋದವರ ಗತಿ ಬೇರೆ. ಮೂರ್ನಾಲ್ಕು ಸುತ್ತು ಮುಗಿದ ಮೇಲೆ "ವಿ ವಿಲ್ ಗೆಟ್ ಬ್ಯಾಕ್ ಟು ಯು" ಎನ್ನಲಾಗುತ್ತದೆ. ಉಪ್ಪಿಟ್ಟು, ಕೇಸರಿಭಾತು ಮುಗಿಸಿ "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಏಳುತ್ತಿದ್ದ ಗಂಡಿನ ಕಡೆಯವರ ವಾಕ್ಯ ಇದರ ಮೂಲಪಾಠ. ಅವರಾದರೂ ಜಾತಕ ಕೂಡಲಿಲ್ಲವೆಂದು ಯಾರ ಕೈಲಾದರೂ ಹೇಳಿ ಕಳಿಸುತ್ತಿದ್ದರು.

ವಿಳಂಬಕ್ಕೆ ಸರ್ಕಾರಿ ಕಚೇರಿಯನ್ನು ಉದಾಹರಿಸುವುದು ನಮ್ಮ ರೂಢಿ. ಅಲ್ಲಿ ನೋಡಿದರೆ 2005ರ ಮಾಹಿತಿ ಹಕ್ಕು ಕಾಯ್ದೆ ಉತ್ತರಕ್ಕೆ 30 ದಿನದ ಗಡುವು ಇಟ್ಟಿದೆ. ಕರ್ನಾಟಕದ 2011ರ ಸಕಾಲ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ಕೆನಡಾದ ಒಂಟಾರಿಯೊ ಪ್ರಾಂತ್ಯದವರು ಇನ್ನೂ ಮುಂದೆ ಹೋಗಿ, 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಇಂಟರ್ವ್ಯೂ ಮಾಡಿದ 45 ದಿನದೊಳಗೆ ಆಯ್ಕೆಯ ಸಂಗತಿ ತಿಳಿಸಬೇಕೆಂದು 2026ರ ಜನವರಿ 1ರಿಂದ ನಿಯಮ ಮಾಡಿದ್ದಾರೆ. ವೈಟ್‌ಫೀಲ್ಡ್, ಬೆಳ್ಳಂದೂರಿನ ಗಾಜಿನ ಕಟ್ಟಡಗಳಿಗೆ ಇಂಥ ಕಟ್ಟುಪಾಡಿಲ್ಲ. ಇಲ್ಲೂ ದಿನಕ್ಕೆ 20 ರೂಪಾಯಿ ಕೊಡುವಂತಾದರೆ ಅರ್ಜಿ ಹಾಕುವುದೇ ಒಂದು ಉದ್ಯೋಗವಾಗಿ, ನಿರುದ್ಯೋಗದ ಸಮಸ್ಯೆ ತಾನಾಗಿ ಬಗೆಹರಿಯುತ್ತಿತ್ತು.

ಇನ್ನು ಸಿದ್ಧಾಂತ. ಮೀಮಾಂಸಕ ಕುಮಾರಿಲ ಭಟ್ಟರ ಪರಂಪರೆ ಅನುಪಲಬ್ಧಿಯನ್ನೂ ಪ್ರಮಾಣವೆಂದು ಒಪ್ಪುತ್ತದೆ: ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡ ಇಲ್ಲವೆಂದೇ ತಿಳಿವಳಿಕೆ. ಆ ಪ್ರಕಾರ ಇನ್‌ಬಾಕ್ಸಿನಲ್ಲಿ ಮೇಲ್ ಕಾಣದಿದ್ದರೆ ಕೆಲಸವಿಲ್ಲ. ಉತ್ತರ ಅರ್ಜಿ ಹಾಕಿದ ದಿನವೇ ಬಂದಾಗಿದೆ. ಮೀಮಾಂಸೆಯದೇ ಇನ್ನೊಂದು ಪಂಥದ ಪ್ರಾಭಾಕರರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಅವರು ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ನೋಡಿ ಎನ್ನುತ್ತಾರೆ.