ನನ್ನನ್ನು ಹೊರಕ್ಕೆ ಸರಿಸಿ ಸ್ವಾಮಿ!

ಮಲೆನಾಡಿನ ಬೇಣಗಳಲ್ಲಿ, ಅಂದರೆ ಗುಡ್ಡದ ಹುಲ್ಲುಗಾವಲುಗಳಲ್ಲಿ, ಹುಲ್ಲು ಕೊಯ್ಯಲು ಆಳು ಸಿಗುವುದು ಕಷ್ಟ. ಹಾಗಾಗಿ ಗುಡ್ಡಕ್ಕೂ ಟ್ರ್ಯಾಕ್ಟರ್ ಹತ್ತಿದೆ, ಬೆನ್ನಿಗೆ ಹುಲ್ಲು ಕೊಯ್ಯುವ ಸ್ಲ್ಯಾಷರ್ ಕಟ್ಟಿಕೊಂಡು. ಸಾಗರದ ಕಡೆಯ ಬೇಣವೊಂದರಲ್ಲಿ ಚಾಲಕ ಊಟಕ್ಕೆ ಹೋಗಿದ್ದಾಗ, ಇಳಿಜಾರಿನ ಕೆಳಬದಿಯ ಹಿಂಗಾಲಿ ಮಾತಿಗೆ ಸಿಕ್ಕಿತು.

ಪ್ರಶ್ನೆ: ಹೇಗಿದ್ದೀರಿ?

ಗಾಲಿ: ಗಾಳಿ ಸರಿಯಾಗಿದೆ, ಅದೊಂದೇ ಪುಣ್ಯ. ಟ್ರ್ಯಾಕ್ಟರ್ ಗುಡ್ಡಕ್ಕೆ ಅಡ್ಡಲಾಗಿ ಹೋದರೆ ಭಾರವೆಲ್ಲ ನನ್ನ ಮೇಲೆ. ಮೇಲುಬದಿಯ ಗಾಲಿ ಸರ್ಕಾರಿ ಸಮಿತಿಯ ಸದಸ್ಯನ ಹಾಗೆ ಹಗುರಾಗಿ ಹಾಜರಿ ಹಾಕುತ್ತದೆ.

ಪ್ರಶ್ನೆ: ಯಜಮಾನರು ಸುರಕ್ಷತೆಗೆ ಏನೂ ಮಾಡಿಲ್ಲವೆ?

ಗಾಲಿ: ಯಾಕಿಲ್ಲ! ಆಯುಧಪೂಜೆಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ನನ್ನಡಿಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ದಾರೆ. ಮಡ್‌ಗಾರ್ಡಿಗೆ ಎರಡು ಸ್ಪೀಕರ್ ಬೇರೆ. ಸ್ಪ್ಯಾನರ್ ಒಂದನ್ನು ಮಾತ್ರ ಮುಟ್ಟಿಲ್ಲ.

ಪ್ರಶ್ನೆ: ಸ್ಪ್ಯಾನರ್ ಯಾಕೆ?

ಗಾಲಿ: ಎಡ ಟೈರಿನ ನಡುವಿನಿಂದ ಬಲ ಟೈರಿನ ನಡುವಿಗೆ ಇರುವ ಅಂತರವನ್ನು ಹೆಚ್ಚುಕಮ್ಮಿ ಮಾಡಬಹುದು ಮಾರಾಯ್ರೆ! ರಿಮ್ಮು, ಡಿಸ್ಕುಗಳನ್ನು ಒಳಗೆ ಹೊರಗೆ ತಿರುಗಿಸಿ ಹಾಕಿದರಾಯಿತು. ಹಳೆಯ ಫರ್ಗುಸನ್ ಮಾದರಿಗಳಲ್ಲಿ 48 ಇಂಚಿನಿಂದ 76 ಇಂಚಿನವರೆಗೆ, 4 ಇಂಚಿಗೊಂದು ಮೆಟ್ಟಿಲು. ನಾನು ಬಂದಾಗ 48ರಲ್ಲಿದ್ದೆ. ಈಗಲೂ ಅಲ್ಲೇ.

ಪ್ರಶ್ನೆ: ಅಗಲವಾದರೆ ಎಷ್ಟು ಲಾಭ?

ಗಾಲಿ: ಟ್ರ್ಯಾಕ್ಟರಿನ ಗುರುತ್ವ ಕೇಂದ್ರ ನೆಲದಿಂದ 30 ಇಂಚು ಎತ್ತರದಲ್ಲಿದೆ ಅಂತಿಟ್ಟುಕೊಳ್ಳಿ. 48 ಇಂಚಿನ ಅಗಲಕ್ಕೆ, ನಿಂತಲ್ಲೇ ಓರೆ ಮಾಡಿದರೆ ಸುಮಾರು 39 ಡಿಗ್ರಿಗೆ ಮಗುಚುತ್ತದೆ. 60 ಇಂಚು ಮಾಡಿದರೆ 45. ಆರು ಡಿಗ್ರಿ ಲಾಭ. ಖರ್ಚು, ಅರ್ಧ ದಿನ.

ಪ್ರಶ್ನೆ: ಹಾಗಾದರೆ 40 ಡಿಗ್ರಿ ಗುಡ್ಡಕ್ಕೂ ಧೈರ್ಯವಾಗಿ ಹೋಗಬಹುದು!

ಗಾಲಿ: ನಮ್ಮ ಯಜಮಾನರೂ ಹೀಗೇ ಹೇಳುತ್ತಾರೆ. ಅದು ಕಾಗದದ ಲೆಕ್ಕ. ಹುಲ್ಲಿನೊಳಗೆ ಅಡಗಿದ ಆರಿಂಚಿನ ಕಲ್ಲು ಮೇಲುಬದಿಯ ಗಾಲಿಗೆ ಸಿಕ್ಕಿತೋ, ಆ ಆರು ಡಿಗ್ರಿ ಅಲ್ಲೇ ಮಾಯ. ಅದೇ ಹೊತ್ತಿಗೆ ನಾನೊಂದು ಹೆಗ್ಗಣದ ಬಿಲಕ್ಕೆ ಇಳಿದರೆ? ಸಾಲದ್ದಕ್ಕೆ ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುತ್ತದೆ, ಮಗುಚುವಾಗ ಮೊದಮೊದಲು ಅದರ ಆಸರೆಯೇ ಇಲ್ಲ. ಆದ್ದರಿಂದ ನಿಜವಾದ ಮಿತಿ ಈ ಲೆಕ್ಕಕ್ಕಿಂತ ಬಹಳ ಕಡಿಮೆ.

ಪ್ರಶ್ನೆ: ಯಜಮಾನರ ತಕರಾರು ಏನು?

ಗಾಲಿ: ಸ್ಲ್ಯಾಷರ್ ಐದಡಿಯದು. ನಾನು ಹೊರಕ್ಕೆ ಸರಿದರೆ ಟೈರು ಅದರ ಅಂಚನ್ನೂ ದಾಟಿ ಹುಲ್ಲು ತುಳಿಯುತ್ತದೆ, ಆ ಹುಲ್ಲು ಕೊಯ್ಯದೆ ಉಳಿಯುತ್ತದೆ ಅಂತ. ಮಾತು ಸುಳ್ಳಲ್ಲ. ಹುಲ್ಲು ಉಳಿಯಲಿ, ಚಾಲಕನೂ ಉಳಿಯಲಿ ಅನ್ನುವುದು ನನ್ನ ವಾದ.

ಪ್ರಶ್ನೆ: ಚಾಲಕರ ಬಗ್ಗೆ ಏನಾದರೂ ದೂರು?

ಗಾಲಿ: ಮಡ್‌ಗಾರ್ಡ್ ಮೇಲೆ ಭಾವನನ್ನು ಕೂರಿಸಿಕೊಳ್ಳುತ್ತಾನೆ. ಡೀಸೆಲ್ ಉಳಿಸಲು ಇಳುಕಲಿನಲ್ಲಿ ನ್ಯೂಟ್ರಲ್ ಮಾಡುತ್ತಾನೆ. ಎಡ ಬಲದ ಬ್ರೇಕ್ ಪೆಡಲ್ ಎರಡನ್ನೂ ಜೋಡಿಸುವ ಕೊಂಡಿಗೆ ತುಕ್ಕು ಹಿಡಿದಿದೆ. ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಗಕ್ಕನೆ ಅತ್ತ ತಿರುಗುತ್ತದೆ. ಸ್ವೀಡನ್ನಿನಲ್ಲಿ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ, ಮಗುಚಿದಾಗ ಚಾಲಕನನ್ನು ಕಾಪಾಡುವ ಉಕ್ಕಿನ ಚೌಕಟ್ಟು ಕಡ್ಡಾಯವಾಯಿತು. ನಮ್ಮವನ ತಲೆಯ ಮೇಲೆ ಇರುವುದು ಬಿಸಿಲಿಗೆ ಕಟ್ಟಿದ ತಗಡು. ನಾಲ್ಕು ಕಾಲು ತೆಳ್ಳಗಿನ ಪೈಪು, ಟ್ರ್ಯಾಕ್ಟರ್ ಮೇಲೆ ಬಿದ್ದರೆ ಹಪ್ಪಳ.

ಪ್ರಶ್ನೆ: ಗಾಲಿ ಸರಿಸುವವರಿಗೆ ಕಿವಿಮಾತು?

ಗಾಲಿ: ಸಮತಟ್ಟು, ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಡಿ. ಜಾಕಿನ ಜತೆಗೆ ದಪ್ಪ ದಿಮ್ಮಿಯ ಆಧಾರವೂ ಇರಲಿ. ಎಡದವನನ್ನು ಬಲಕ್ಕೆ, ಬಲದವನನ್ನು ಎಡಕ್ಕೆ ಹಾಕಬೇಕಾಗಿ ಬರಬಹುದು. ಟೈರಿನ ಮೇಲಿನ ಬಾಣದ ಗುರುತು ಮುಂದಕ್ಕೇ ತಿರುಗುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಹಿಡಿತ ತಪ್ಪುತ್ತದೆ. ಟೈರಿನೊಳಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಭಾರ ಕೆಳಗಿಳಿದು ಇನ್ನಷ್ಟು ಭದ್ರ.

ಪ್ರಶ್ನೆ: ಕೊನೆಯದಾಗಿ, ನಮ್ಮ ಓದುಗರಿಗೆ ನಿಮ್ಮ ಸಂದೇಶ?

ಗಾಲಿ: ಸಂದೇಶ ಕೊಡಲು ನಾನೇನು ಮಂತ್ರಿಯೆ? ಕೆಲಸ ಹೇಳುತ್ತೇನೆ. ನಟ್ಟು ಬಿಗಿದ ಮೇಲೆ ಕೆಲವು ಗಂಟೆ ಓಡಿಸಿ, ಮತ್ತೊಮ್ಮೆ ಬಿಗಿಮಾಡಿ. ಇಬ್ಬನಿ ಆರುವ ತನಕ ಬೇಣಕ್ಕೆ ಇಳಿಯಬೇಡಿ. ಇಷ್ಟೆಲ್ಲ ಮಾಡಿಯೂ ಎದೆ ಝಲ್ಲೆನ್ನುವಷ್ಟು ಕಡಿದಾದ ಜಾಗವಿದ್ದರೆ, ಅಲ್ಲಿಯ ಹುಲ್ಲನ್ನು ಕತ್ತಿಗೆ ಬಿಡಿ. ಕತ್ತಿ ಹಿಡಿಯಲು ಆಳು ಸಿಗದಿದ್ದರೆ ದನಕ್ಕೆ ಬಿಡಿ.